ಒಂದೇ ಮೈಯಲ್ಲಿ ಊರೆಲ್ಲ

ಏಕವ್ಯಕ್ತಿ ನಾಟಕಕ್ಕೆ ಹೋದಾಗ ರಂಗದ ಮೇಲೆ ಒಂದು ಚೊಂಬೋ ಹೂಜಿಯೋ ಇದೆಯೇ ಎಂದು ಮೊದಲು ನೋಡಿ. ಬಹಳಷ್ಟು ಸಲ ಇರುತ್ತದೆ. ಕಥೆಯಲ್ಲಿ ಅದಕ್ಕೊಂದು ನೆಪವೂ ಸಿಕ್ಕಿರುತ್ತದೆ: ಬಂದ ನೆಂಟರಿಗೆ ನೀರು ಕೊಡಬೇಕು, ತುಳಸಿಗೆ ಎರೆಯಬೇಕು, ಕಾಯಿಲೆ ಬಿದ್ದ ಅತ್ತೆಗೆ ಮಾತ್ರೆ ನುಂಗಿಸಬೇಕು. ಅಸಲು ಕಾರಣ ಬೇರೆ. ಒಂದೂಕಾಲು ಗಂಟೆ ಎಡೆಬಿಡದೆ ಮಾತಾಡುವ ಗಂಟಲು ಒಣಗುತ್ತದೆ. ಬೇರೆ ನಾಟಕವಾದರೆ ತನ್ನ ದೃಶ್ಯ ಮುಗಿಸಿದ ನಟ ಸೈಡ್‌ವಿಂಗಿಗೆ ಹೋಗಿ ಒಂದು ಗುಟುಕು ಕುಡಿದು ಬರಬಹುದು. ಇಲ್ಲಿ ಆತ ಹೋದರೆ ರಂಗ ಬರಿದು. ಹಾಗಾಗಿ ಬಾಯಾರಿಕೆಯನ್ನೂ ಪಾತ್ರಕ್ಕೇ ವಹಿಸಿಬಿಡುತ್ತಾರೆ. ಬೆವರು ಒರೆಸಿಕೊಳ್ಳುವುದು, ಉಸಿರು ತಿರುಗಿಸಿಕೊಳ್ಳುವುದು, ಮುಂದಿನ ಮಾತು ನೆನಪಿಸಿಕೊಳ್ಳುವುದು, ಹೀಗೆ ನಟರ ಸ್ವಂತ ಅಗತ್ಯಗಳೆಲ್ಲ ಪಾತ್ರದ ನಡವಳಿಕೆಯ ವೇಷ ಹಾಕಿಕೊಂಡೇ ಬರಬೇಕು. ಪಳಗಿದವರು ಮಾಡಿದರೆ ನಮಗೆ ಗೊತ್ತೇ ಆಗುವುದಿಲ್ಲ.

ಇದನ್ನು ನೋಡಲು ತಕ್ಕ ಜಾಗ ಪುಟ್ಟ ರಂಗಮಂದಿರ. ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂತವರಿಗೆ ಒಬ್ಬ ನಟ ಹೆಬ್ಬೆರಳಿನಷ್ಟು ಕಾಣುತ್ತಾನೆ. ದನಿ ಮೈಕಿನಿಂದ ಬರುತ್ತದೆ, ಮುಖ ಊಹೆಯಿಂದ. ಮೈಸೂರಿನ ರಂಗಾಯಣದ ಭೂಮಿಗೀತ, ಅದೇ ಊರಿನ ನಟನ, ಸುಳ್ಯದ ರಂಗಮನೆ, ಇಂಥ ಜಾಗಗಳಲ್ಲಿ ಲೆಕ್ಕ ಬೇರೆ. ಹುಬ್ಬು ಗಂಟಿಕ್ಕಿದ್ದು ಕಾಣುತ್ತದೆ, ಪಿಸುಮಾತು ಕೇಳುತ್ತದೆ. ಬೆಂಗಳೂರಿನ ರಂಗಶಂಕರ ಇವಕ್ಕಿಂತ ದೊಡ್ಡದೇ, ಆದರೂ ಅಲ್ಲಿ ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿರುವುದರಿಂದ ನಟರಿಗೂ ನಮಗೂ ದೂರ ಉಳಿಯುವುದಿಲ್ಲ. 2004ರಲ್ಲಿ ಶುರುವಾದ ಆ ಮಂದಿರದಲ್ಲಿ ನಾಟಕ ಆರಂಭವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬ ಕಟ್ಟುನಿಟ್ಟು ಇದೆ. ಅದರ ಬಗ್ಗೆ ಗೊಣಗುವವರು ಒಮ್ಮೆ ಏಕವ್ಯಕ್ತಿ ನಾಟಕ ನೋಡಬೇಕು. ಹತ್ತು ಜನರಿರುವ ದೃಶ್ಯದಲ್ಲಿ ತಡವಾಗಿ ಬಂದವರ ಚಪ್ಪಲಿ ಸದ್ದು ಮುಳುಗಿಹೋಗುತ್ತದೆ. ಒಬ್ಬರೇ ನಿಂತು ಮೌನವನ್ನು ಕಟ್ಟುತ್ತಿರುವಾಗ ಅದೇ ಸದ್ದು ಇನ್ನೊಂದು ಪಾತ್ರದ ಪ್ರವೇಶವಾಗಿಬಿಡುತ್ತದೆ.

ಒಬ್ಬರೇ ಆಡುವ ನಾಟಕ ಹೊಸದೇನಲ್ಲ. ಸಂಸ್ಕೃತದ ಹತ್ತು ರೂಪಕಗಳಲ್ಲಿ ಭಾಣ ಎಂಬುದೊಂದು. ಒಂದೇ ಅಂಕ, ಒಬ್ಬನೇ ನಟ. ‘ಚತುರ್ಭಾಣಿ’ ಎಂಬ ಹೆಸರಿನಲ್ಲಿ ನಾಲ್ಕು ಹಳೆಯ ಭಾಣಗಳು ನಮಗೆ ಉಳಿದು ಬಂದಿವೆ. ವರರುಚಿಯದೆಂದು ಹೇಳುವ ‘ಉಭಯಾಭಿಸಾರಿಕಾ’ ಅವುಗಳಲ್ಲೊಂದು. ಅದರಲ್ಲಿ ಒಬ್ಬ ವಿಟ ಪಾಟಲಿಪುತ್ರದ ಬೀದಿಯಲ್ಲಿ ನಡೆಯುತ್ತಾ ಹೋಗುತ್ತಾನೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುತ್ತಾನೆ, ಕೆಣಕುತ್ತಾನೆ, ಸಮಾಧಾನ ಹೇಳುತ್ತಾನೆ. ಸಿಕ್ಕವರು ಯಾರೂ ರಂಗದ ಮೇಲಿಲ್ಲ. ಅವರ ಮಾತನ್ನು ಅವನೇ ಕೇಳಿಸಿಕೊಂಡಂತೆ ಮಾಡಿ, “ಏನಂದೆ?” ಎಂದು, ಅವರು ಅಂದದ್ದನ್ನು ತಾನೇ ಮತ್ತೆ ಆಡಿ, ಅದಕ್ಕೆ ಉತ್ತರ ಕೊಡುತ್ತಾನೆ. ಈ ಉಪಾಯಕ್ಕೆ ಶಾಸ್ತ್ರಕಾರರು ಆಕಾಶಭಾಷಿತ ಎಂದು ಹೆಸರಿಟ್ಟರು.

ಏಕವ್ಯಕ್ತಿ ನಾಟಕದ ಕಸುಬು ಇವತ್ತಿಗೂ ಇದೇ ನೆಲೆಗಟ್ಟಿನ ಮೇಲೆ ನಿಂತಿದೆ ಎಂದು ನನಗೆ ಅನ್ನಿಸುತ್ತದೆ. ಇದ್ದವರು ಎಷ್ಟು ಚೆನ್ನಾಗಿ ಮಾತಾಡಿದರು ಎಂಬುದಕ್ಕಿಂತ, ಇಲ್ಲದವರು ಎಷ್ಟು ಸ್ಪಷ್ಟವಾಗಿ ಕಂಡರು ಎಂಬುದರ ಮೇಲೆ ಅದರ ಗೆಲುವು. ಬದಲಾದದ್ದು ಒಂದೇ, ಎದುರಿನವರ ಮಾತನ್ನು ಮತ್ತೆ ಆಡಿ ತೋರಿಸುವ ಪದ್ಧತಿ ಸವೆದಿದೆ. ಉತ್ತರದಲ್ಲೇ ಪ್ರಶ್ನೆ ತಿಳಿಯುವಂತೆ ಈಗಿನವರು ಬರೆಯುತ್ತಾರೆ. ಹೀಗೊಂದು ತುಣುಕನ್ನು ಕಲ್ಪಿಸಿಕೊಳ್ಳಿ: “ಬನ್ನಿ ಬನ್ನಿ... ಅಯ್ಯೋ, ಚಪ್ಪಲಿ ಒಳಗೇ ಬಿಡಿ, ನಾಯಿ ಎಳಕೊಂಡು ಹೋಗುತ್ತೆ... ಇಲ್ಲ, ಅವರು ಇಲ್ಲ. ಹೋಗಿ ಮೂರು ದಿನ ಆಯ್ತು.” ಬಂದವರು ಗೌರವ ಕೊಡಬೇಕಾದವರು, ಹೊಸ್ತಿಲ ಹೊರಗೆ ಬಗ್ಗಿ ಚಪ್ಪಲಿ ಬಿಡುತ್ತಿದ್ದಾರೆ, ಮನೆಯ ಯಜಮಾನನನ್ನು ಕೇಳಿಕೊಂಡು ಬಂದಿದ್ದಾರೆ, ಈ ಹೆಂಗಸಿಗೆ ಆ ವಿಷಯ ಎತ್ತುವುದು ಇಷ್ಟವಿಲ್ಲ. ಇಷ್ಟೆಲ್ಲ ನಮಗೆ ತಿಳಿಯಿತು, ಬಂದವರು ಬಾಯಿ ಬಿಡಲಿಲ್ಲ.

ಆ ಮೂರು ಚುಕ್ಕಿಗಳ ಜಾಗದಲ್ಲೇ ನಟನೆಯ ಕಷ್ಟವಿರುವುದು. ಬಂದವರು ‘ಯಜಮಾನರು ಇದ್ದಾರಾ?’ ಎಂದು ಕೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಟಿ ಕೇಳಿಸಿಕೊಳ್ಳಬೇಕು. ಒಂದು ಕ್ಷಣ ಮೊದಲೇ ಉತ್ತರ ಕೊಟ್ಟರೆ ಎದುರಿದ್ದವರು ಮಾಯವಾಗುತ್ತಾರೆ, ಬಾಯಿಪಾಠ ಒಪ್ಪಿಸುವ ನಟಿಯೊಬ್ಬಳೇ ಉಳಿಯುತ್ತಾಳೆ. ಅದಕ್ಕೇ ತಾಲೀಮಿನಲ್ಲಿ ಎದುರಿಗೆ ಒಬ್ಬರನ್ನು ನಿಜವಾಗಿ ನಿಲ್ಲಿಸಿ ಆ ಮಾತುಗಳನ್ನು ಆಡಿಸುವುದುಂಟು. ಕೆಲವು ದಿನ ಕಳೆದ ಮೇಲೆ ಆ ಮನುಷ್ಯನನ್ನು ತೆಗೆದುಬಿಡುತ್ತಾರೆ, ಅವರು ಬಿಟ್ಟುಹೋದ ಹೊತ್ತು ಮಾತ್ರ ಉಳಿಯುತ್ತದೆ. ಮಾತಾಡುವುದಕ್ಕಿಂತ ಕೇಳುವುದನ್ನು ಅಭಿನಯಿಸುವುದು ಕಷ್ಟ. ನಾನು ನೋಡಿದ ಬಡ ಪ್ರಯೋಗಗಳು ಬಹುತೇಕ ಸೋತದ್ದು ಇಲ್ಲಿಯೇ.

ಇನ್ನು ಕಣ್ಣು. ಕಾಣದ ಪಾತ್ರಕ್ಕೆ ಎತ್ತರವಿರುತ್ತದೆ. ಮಗುವಾದರೆ ನೋಟ ಸೊಂಟದ ಮಟ್ಟಕ್ಕೆ ಇಳಿಯಬೇಕು, ಕುದುರೆಯ ಮೇಲಿನ ದೇಸಾಯಿಯಾದರೆ ಕತ್ತು ಎತ್ತಬೇಕು. ಮೊದಲ ದೃಶ್ಯದಲ್ಲಿ ಬಾಗಿಲು ಎಡಕ್ಕಿದ್ದರೆ ಕೊನೆಯವರೆಗೂ ಎಡಕ್ಕೇ ಇರಬೇಕು. ಕೂತವರು ಎದ್ದು ಕಿಟಕಿಯ ಬಳಿ ಹೋದರೆ ನಟರ ನೋಟ ಅವರ ಹೆಜ್ಜೆಯ ವೇಗದಲ್ಲೇ ಹಿಂಬಾಲಿಸಬೇಕು. ಸಣ್ಣ ರಂಗಮಂದಿರದಲ್ಲಿ ಇದು ಒಂದು ಗೇಣು ತಪ್ಪಿದರೂ ಪ್ರೇಕ್ಷಕರಿಗೆ ಕಸಿವಿಸಿ. ಏಕೆ ಎಂದು ಅವರಿಗೆ ಹೇಳಲು ಬರದು, ಆದರೆ ಮನೆ ಕುಸಿದದ್ದು ತಿಳಿಯುತ್ತದೆ.

ಎದುರಿನವರನ್ನು ಕಾಣಿಸುವುದು ಒಂದು ವಿದ್ಯೆಯಾದರೆ, ತಾನೇ ಎದುರಿನವರಾಗುವುದು ಇನ್ನೊಂದು. ಕೇರಳದ ಕೂಡಿಯಾಟ್ಟಂನಲ್ಲಿ ಇದಕ್ಕೆ ಪಕರ್ನ್ನಾಟ್ಟಂ ಎನ್ನುತ್ತಾರೆ. ವೇಷ ಕಳಚದೆ, ಒಂದು ಪಾತ್ರದಲ್ಲಿ ನಿಂತೇ ನಟರು ಇನ್ನೊಂದಕ್ಕೆ ದಾಟುತ್ತಾರೆ. ಬಟ್ಟೆಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಹೆಣ್ಣಾದಂತೆ. ನಂಗ್ಯಾರ್ ಕೂತ್ತಿನಲ್ಲಿ ಒಬ್ಬಳೇ ನಟಿ ಮಿಳಾವು ವಾದ್ಯದ ಬಡಿತಕ್ಕೆ ಕೃಷ್ಣನ ಕಥೆಯ ಪಾತ್ರಗಳನ್ನೆಲ್ಲ ಹೀಗೆ ದಾಟಿ ಬರುತ್ತಾಳೆ. ನಮ್ಮ ಹರಿಕಥೆಯ ದಾಸರಿಗೂ ಈ ವಿದ್ಯೆ ಗೊತ್ತು. ಗುರುರಾಜುಲು ನಾಯ್ಡು ಅವರ ಕ್ಯಾಸೆಟ್ ಕೇಳಿ ಬೆಳೆದವರಿಗೆ, ಒಂದೇ ಕಂಠದಲ್ಲಿ ಇಡೀ ಸಭೆ ಹೇಗೆ ನೆರೆಯುತ್ತದೆ ಎಂದು ವಿವರಿಸಬೇಕಾಗಿಲ್ಲ. ಆದರೆ ದಾಸರಿಗೆ ಒಂದು ಅನುಕೂಲವಿದೆ: ಯಾವಾಗ ಬೇಕಾದರೂ ಕಥೆಯಿಂದ ಹೊರಗೆ ಬಂದು ‘ಎಂದು ಕೈಕೇಯಿ ನುಡಿದಳು’ ಅನ್ನಬಹುದು. ನಾಟಕದ ನಟರಿಗೆ ಆ ಬಾಗಿಲು ಮುಚ್ಚಿದೆ. ಯಾರು ನುಡಿದರು ಎಂಬುದನ್ನು ಮೈಯೇ ಹೇಳಬೇಕು.

ಆ ಬಾಗಿಲನ್ನು ಜಾಣತನದಿಂದ ತೆರೆದಿಟ್ಟುಕೊಂಡ ಪ್ರಯೋಗಗಳೂ ಇವೆ. ಚಂದ್ರಶೇಖರ ಕಂಬಾರರ ‘ಸಿಂಗಾರೆವ್ವ ಮತ್ತು ಅರಮನೆ’ ಕಾದಂಬರಿಯಲ್ಲಿ ಜನ ಕಿಕ್ಕಿರಿದಿದ್ದಾರೆ. ಆದರೆ ಕಥೆ ಹೇಳುವವಳು ಶೀನಿಂಗವ್ವ, ಸಿಂಗಾರೆವ್ವನ ನೆರಳಿನಂತೆ ಇದ್ದವಳು. ಲಕ್ಷ್ಮಿ ಚಂದ್ರಶೇಖರ್ ಅದನ್ನು ಒಬ್ಬರೇ ರಂಗಕ್ಕೆ ತಂದಾಗ ಆಯ್ಕೆಯೇ ಅರ್ಧ ಕೆಲಸ ಮುಗಿಸಿತ್ತು. ಕಂಡದ್ದನ್ನು ಹೇಳುವ ಹೆಂಗಸು ಹೇಳುತ್ತಾ ಹೇಳುತ್ತಾ ಕಂಡವರೇ ಆಗಿಬಿಡುವುದು ನಮ್ಮ ಹಳ್ಳಿಯ ಕಟ್ಟೆಗಳಲ್ಲಿ ದಿನಾ ನಡೆಯುವುದೇ. ‘ಈಕೆ ಯಾಕೆ ಒಬ್ಬಳೇ ಮಾತಾಡುತ್ತಿದ್ದಾಳೆ, ಯಾರ ಮುಂದೆ?’ ಎಂಬ ಪ್ರಶ್ನೆಗೆ ನಾಟಕ ಬರೆಯುವವರ ಬಳಿ ಉತ್ತರವಿರಬೇಕು. ಅದಿಲ್ಲದಿದ್ದರೆ ಎಷ್ಟು ಒಳ್ಳೆಯ ನಟರೂ ಮೊದಲ ಹದಿನೈದು ನಿಮಿಷದಲ್ಲೇ ಬಳಲುತ್ತಾರೆ.

ಪಾತ್ರಗಳ ಎಣಿಕೆಯಿಂದ ಬೆರಗಾಗುವ ಚಾಳಿಯೊಂದಿದೆ. ಮರಾಠಿಯ ಲಕ್ಷ್ಮಣ ದೇಶಪಾಂಡೆ ‘ವರ್‍ಹಾಡ್ ನಿಘಾಲಯ್ ಲಂಡನ್‌ಲಾ’ದಲ್ಲಿ 52 ಪಾತ್ರ ಮಾಡುತ್ತಿದ್ದರು. ಅವರಿಗಿಂತ ಮೊದಲೇ, ಬೆಳಗಾವಿಯಲ್ಲಿ ಕೆಲಕಾಲ ಪ್ರಾಧ್ಯಾಪಕರಾಗಿದ್ದ ಪು.ಲ. ದೇಶಪಾಂಡೆ ‘ಬಟಾಟ್ಯಾಚಿ ಚಾಳ್’ನಲ್ಲಿ ಒಂದು ವಠಾರವನ್ನೇ ಹೊತ್ತು ತಂದರು. ಇಬ್ಬರದೂ ದೊಡ್ಡ ಪ್ರತಿಭೆ, ಸಂದೇಹವಿಲ್ಲ. ಆದರೆ ಎಣಿಕೆಯನ್ನೇ ಗುರಿಯಾಗಿಸಿಕೊಂಡ ಕಿರಿಯರು ಪ್ರತಿ ಪಾತ್ರಕ್ಕೂ ಒಂದೊಂದು ದನಿ ಹುಡುಕಲು ಹೋಗಿ ಮಿಮಿಕ್ರಿಗೆ ಇಳಿಯುತ್ತಾರೆ. ಮುದುಕನೆಂದರೆ ಕೆಮ್ಮು, ಗೌಡನೆಂದರೆ ಮೀಸೆ. ಅನುಭವಿಗಳು ದನಿಯನ್ನು ಕೊನೆಗೆ ಮುಟ್ಟುತ್ತಾರೆ. ಮೊದಲು ಮೈಯ ಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ಬದಲಿಸುತ್ತಾರೆ, ಆಮೇಲೆ ಉಸಿರಿನ ಲಯ, ಮಾತಿನ ವೇಗ. ಹೆಗಲ ಮೇಲಿನ ಟವಲು ಕೈಗೆ ಬಂದರೆ ಆಳು, ಮತ್ತೆ ಹೆಗಲೇರಿದರೆ ಒಡೆಯ. ಅಷ್ಟು ಸಾಕು.

ಕನ್ನಡದಲ್ಲಿ ಈ ಪ್ರಕಾರವನ್ನು ಕೈತಿರುವಿ ಬೇರೆ ಕಡೆಗೆ ಒಯ್ದದ್ದು ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. 2005ರಲ್ಲಿ ರಂಗಶಂಕರದಲ್ಲಿ ಅರುಂಧತಿ ನಾಗ್ ಅದನ್ನು ಆಡಿದರು, ಕಾರ್ನಾಡರ ಜೊತೆ ಕೆ.ಎಂ. ಚೈತನ್ಯ ನಿರ್ದೇಶಿಸಿದರು. ಮಂಜುಳಾ ನಾಯಕ್ ಎಂಬ ಕನ್ನಡ ಲೇಖಕಿ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಹೆಸರು ಮಾಡಿದ್ದಾಳೆ. ಟಿವಿ ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಹೊರಡುವಾಗ ಪರದೆಯ ಮೇಲಿನ ಅವಳದೇ ಬಿಂಬ ಅವಳನ್ನು ಮಾತಿಗೆಳೆಯುತ್ತದೆ, ತಂಗಿ ಮಾಲಿನಿಯ ವಿಷಯ ಎತ್ತುತ್ತದೆ. ಮುಂದಿನದನ್ನು ಹೇಳುವುದಿಲ್ಲ, ನೋಡದವರು ಇದ್ದೀರಿ. ಕಸುಬಿನ ದೃಷ್ಟಿಯಿಂದ ಇಲ್ಲಿ ನಡೆಯುವುದು ವಿಚಿತ್ರ. ಎದುರಿನವರು ಈ ಸಲ ಕಾಣುತ್ತಾರೆ, ಮಾತೂ ಆಡುತ್ತಾರೆ, ಆದರೆ ಮೊದಲೇ ಚಿತ್ರೀಕರಿಸಿಟ್ಟ ಬಿಂಬವದು. ಅದು ಕಾಯುವುದಿಲ್ಲ. ಜೀವಂತ ನಟಿ ಪ್ರೇಕ್ಷಕರ ನಗೆಗೆ ಅರೆಕ್ಷಣ ನಿಂತರೆ ಬಿಂಬ ಮುಂದಿನ ಪ್ರಶ್ನೆ ಕೇಳಿಬಿಡುತ್ತದೆ. ಎಂದೋ ತಾನೇ ಬಿಟ್ಟ ಮೌನದ ಒಳಗೆ ಇಂದಿನ ಮಾತನ್ನು ಸರಿಯಾಗಿ ಕೂರಿಸಬೇಕು, ಮತ್ತು ಅದು ಈಗಷ್ಟೇ ಹುಟ್ಟಿದ ಮಾತಿನಂತೆ ಕೇಳಬೇಕು. ಆಕಾಶಭಾಷಿತದ ಜೊತೆ ಗಡಿಯಾರವನ್ನೂ ಕಟ್ಟಿದಂತಾಯಿತು.

ಬದುಕಿ ಹೋದ ದೊಡ್ಡವರನ್ನು ಕುರಿತ ಏಕವ್ಯಕ್ತಿ ನಾಟಕಗಳು ನಮ್ಮಲ್ಲಿ ಹೆಚ್ಚು. ಅವುಗಳಲ್ಲಿ ಮೇಲ್ಪಂಕ್ತಿ ಸಿ.ಆರ್. ಸಿಂಹ ಅವರದು. ಟಿ.ಎನ್. ನರಸಿಂಹನ್ ಬರೆದ ‘ಟಿಪಿಕಲ್ ಟಿ.ಪಿ. ಕೈಲಾಸಂ’ ಅನ್ನು ಅವರು ಆಡಿದ್ದು ಅನುಕರಣೆಯ ಕಸರತ್ತಾಗಿರಲಿಲ್ಲ. ಕೈಲಾಸಂ ತಮ್ಮ ನಾಟಕಗಳನ್ನು ಕೂತು ಬರೆದದ್ದಕ್ಕಿಂತ ಆಡುತ್ತಾ ಹೇಳಿ ಬರೆಸಿದ್ದೇ ಹೆಚ್ಚು. ಅಂಥವರು ಒಬ್ಬರೇ ಮಾತಾಡುತ್ತಾ ನಿಲ್ಲುವುದಕ್ಕೆ ಬೇರೆ ನೆಪವೇ ಬೇಡ. ಆ ದಾರಿಯಲ್ಲಿ ಬಂದ ಎಷ್ಟೋ ನಾಟಕಗಳು ಮಾತ್ರ ಜಯಂತಿಯ ಭಾಷಣವಾಗಿ ಮುಗಿಯುತ್ತವೆ. ಹುಟ್ಟು, ಬಡತನ, ಸಾಧನೆ, ಪ್ರಶಸ್ತಿ ಒಂದರ ಹಿಂದೆ ಒಂದು. ಪೂಜೆಗೆ ಕೂರಿಸಿದ ಮನುಷ್ಯನ ಎದುರಿಗೆ ಜಗಳಕ್ಕೆ ಯಾರೂ ಇರುವುದಿಲ್ಲ, ಜಗಳವಿಲ್ಲದ ಕಡೆ ನಾಟಕವೂ ಇರುವುದಿಲ್ಲ. ಪುರಾಣದ ಹೆಂಗಸರ ಕಥೆಗಳು ಈ ಕುತ್ತಿನಿಂದ ತಪ್ಪಿಸಿಕೊಂಡಿವೆ. ಬೇಲೂರು ರಘುನಂದನ್ ಬರೆದು, ಚಿದಂಬರರಾವ್ ಜಂಬೆ ನಿರ್ದೇಶಿಸಿ, ಉಮಾಶ್ರೀ ಆಡಿದ ‘ಶರ್ಮಿಷ್ಠೆ’ಯಲ್ಲಿ ಅಸುರರಾಜನ ಮಗಳಾಗಿ ಹುಟ್ಟಿ ದೇವಯಾನಿಯ ದಾಸಿಯಾದವಳಿಗೆ ಕೇಳಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ.

ಮೇಳದ ಕಲೆಯಾದ ಯಕ್ಷಗಾನವನ್ನೂ ಒಬ್ಬರ ಮೈಗೆ ತಂದವರಿದ್ದಾರೆ. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಕಲ್ಪನೆಯಲ್ಲಿ ಮಾಡಿದ ‘ಭಾಮಿನಿ’ ಅಷ್ಟನಾಯಿಕೆಯರನ್ನು ಒಂದೇ ಸ್ತ್ರೀವೇಷದಲ್ಲಿ ಹಾಯಿಸುತ್ತದೆ. ಹಿಂದೆ ಭಾಗವತರೂ ಮದ್ದಳೆ, ಚೆಂಡೆಯವರೂ ಇರುತ್ತಾರಾದ್ದರಿಂದ ಅಲ್ಲಿ ಒಂಟಿತನದ ಬಗೆ ಬೇರೆ.

ಹಾಗೆ ನೋಡಿದರೆ ಯಾವ ಏಕವ್ಯಕ್ತಿ ನಾಟಕವೂ ಪೂರ್ತಿ ಒಂಟಿಯಲ್ಲ. ಹಿಂದಿನ ಮೂಲೆಯಲ್ಲಿ ಡಿಮ್ಮರಿನ ಮುಂದೆ ಕೂತ ಬೆಳಕಿನವರು ಇನ್ನೊಬ್ಬ ನಟರೇ. ಮನೆ, ಆಸ್ಪತ್ರೆ, ರೈಲು ನಿಲ್ದಾಣ ಎಲ್ಲವೂ ಅದೇ ಹಲಗೆಯ ಮೇಲೆ ನಡೆಯಬೇಕು, ಬೆಳಕೇ ಗೋಡೆ ಎಬ್ಬಿಸಬೇಕು. ನಟರು ಒಂದು ಪುಟ ಹಾರಿಸಿ ಮುಂದಕ್ಕೆ ಹೋದರೆ ಎದುರು ಪಾತ್ರಧಾರಿ ಎತ್ತಿ ಹಿಡಿಯುವಂತಿಲ್ಲ, ಬೆಳಕಿನವರೇ ತಕ್ಷಣ ಅರಿತು ಆ ಜಾಗಕ್ಕೆ ಬೆಳಕು ತರಬೇಕು. ಅಷ್ಟೊಂದು ಮಾತು ನೆನಪಿಡುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಬರೀ ಬಾಯಿಪಾಠದಿಂದ ಆಗುವ ಕೆಲಸವಲ್ಲ ಅದು. ಮಾತು ನಡೆಗೆ ಅಂಟಿಕೊಂಡಿರುತ್ತದೆ: ಕುರ್ಚಿಯಿಂದ ಎದ್ದಾಗ ಒಂದು ಮಾತು, ಸೀರೆ ಮಡಿಸುವಾಗ ಇನ್ನೊಂದು. ಕುರ್ಚಿಯನ್ನು ಎರಡಡಿ ಆಚೆ ಇಟ್ಟು ನೋಡಿ, ಒಂದು ಪ್ಯಾರಾವೇ ತಪ್ಪಿಹೋಗಬಹುದು. ಹೊಸ ಊರಿಗೆ ಹೋದಾಗ ನಟರು ಪ್ರಸಾಧನಕ್ಕೆ ಕೂರುವ ಮೊದಲು ರಂಗದ ಮೇಲೆ ಒಬ್ಬರೇ ಹೆಜ್ಜೆ ಹಾಕುತ್ತಾ ಅಳತೆ ನೋಡುವುದು ಇದಕ್ಕೇ.

ಏಕವ್ಯಕ್ತಿ ನಾಟಕವನ್ನು ಹುರಿದುಂಬಿಸಿದ್ದರಲ್ಲಿ ಬಡತನದ ಪಾಲೂ ಇದೆ. ಹದಿನೈದು ಜನರ ತಂಡವನ್ನು ವ್ಯಾನಿನಲ್ಲಿ ತುಂಬಿಕೊಂಡು ಊರೂರು ಸುತ್ತುವ ಖರ್ಚು ಹವ್ಯಾಸಿ ತಂಡಗಳಿಗೆ ಏಳುವುದಿಲ್ಲ. ನಟ, ಬೆಳಕಿನವರು, ಸಂಗೀತದವರು, ಒಂದು ಟ್ರಂಕು, ಇಷ್ಟೇ ಆದರೆ ಸರ್ಕಾರಿ ಬಸ್ಸು ಸಾಕು. ಕಾಲೇಜಿನ ಕೊಠಡಿಯಲ್ಲೂ, ಗ್ರಂಥಾಲಯದ ಜಗಲಿಯಲ್ಲೂ ಆಡಬಹುದು. ಕಡಿಮೆ ಖರ್ಚಿನದು ಎಂದು ಸುಲಭದ್ದೆಂದುಕೊಂಡು ಕೈಹಾಕಿದವರು ಮಾತ್ರ ಬೇಗ ಪಾಠ ಕಲಿಯುತ್ತಾರೆ.

ನಿಮ್ಮೂರಿನ ಸಣ್ಣ ರಂಗಮಂದಿರದಲ್ಲಿ ಏಕವ್ಯಕ್ತಿ ನಾಟಕದ ಪೋಸ್ಟರ್ ಕಂಡರೆ ಹೋಗಿ ಬನ್ನಿ. ಹತ್ತು ನಿಮಿಷ ಮೊದಲೇ ಹೋಗಿ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ, ಮೊಬೈಲ್ ಆರಿಸಿ. ಮತ್ತೆ, ನಾಟಕದವರ ಪರಿಚಯವಿದೆ ಎಂದು ಪಾಸು ಕೇಳಬೇಡಿ, ಟಿಕೆಟ್ಟು ಕೊಂಡೇ ನೋಡಿ.