ಒಮ್ಮೆ ಕಾಣುತ್ತೆ, ಒಮ್ಮೆ ಕಾಣಲ್ಲ: ಬೂಟ್ ಆಗುವಾಗ ಎಸ್‌ಎಸ್‌ಡಿ ಕೈಕೊಟ್ಟರೆ

ಬೆಳಿಗ್ಗೆ ಪಿಸಿ ಆನ್ ಮಾಡಿದ್ರೆ ಬೂಟ್ ಡಿವೈಸ್ ಇಲ್ಲ ಅನ್ನುತ್ತೆ, ರೀಸ್ಟಾರ್ಟ್ ಮಾಡಿದ್ರೆ ಎಲ್ಲ ಸರಿ. ಹೆಚ್ಚಿನವರು ಅಲ್ಲಿಗೇ ಮರೆತುಬಿಡ್ತಾರೆ. ಮರೀಬೇಡಿ. ಡ್ರೈವ್ ಕಾಣಿಸಿಕೊಂಡ ತಕ್ಷಣ ಮೊದಲು ಬ್ಯಾಕಪ್ ತಗೊಳ್ಳಿ, ರಿಪೇರಿ ಆಮೇಲೆ. ಹಾರ್ಡ್ ಡಿಸ್ಕ್ ಎಷ್ಟೋ ಸಲ ಸದ್ದು ಮಾಡಿ ಎಚ್ಚರಿಸುತ್ತೆ; ಎಸ್‌ಎಸ್‌ಡಿ ಸದ್ದಿಲ್ಲದೆ ಹೋಗುತ್ತೆ.

ಈಗ ಒಂದು ವಿಷಯ ಗಮನಿಸಿ: ಯಾವಾಗ ಕಾಣಲ್ಲ?

ಪೂರ್ತಿ ಆಫ್ ಮಾಡಿ ಆನ್ ಮಾಡಿದಾಗ ಮಾತ್ರ ಕಾಣದೆ, ರೀಸ್ಟಾರ್ಟ್‌ನಲ್ಲಿ ಸಿಕ್ಕರೆ, ಡ್ರೈವ್ ಸಮಯಕ್ಕೆ ಸಿದ್ಧವಾಗ್ತಿಲ್ಲ ಅಂತ ಅನುಮಾನಿಸಬಹುದು. ಎಸ್‌ಎಸ್‌ಡಿ ಒಳಗೆ ಯಾವ ಡೇಟಾ ಯಾವ ಫ್ಲ್ಯಾಶ್ ಜಾಗದಲ್ಲಿದೆ ಅನ್ನೋ ಒಂದು ಪಟ್ಟಿ ಇರುತ್ತೆ. ಪವರ್ ಬಂದಾಗ ಕಂಟ್ರೋಲರ್ ಅದನ್ನು ಓದಿಕೊಳ್ಳಬೇಕು. ಹಿಂದಿನ ಸಲ ಕರೆಂಟ್ ದಿಢೀರ್ ಹೋಗಿದ್ದರೆ ಪಟ್ಟಿ ಸರಿಪಡಿಸೋಕೆ ಇನ್ನೂ ಹೊತ್ತು ಬೇಕು. ಬಯಾಸ್ ಅಷ್ಟು ಕಾಯಲ್ಲ. ಬಯಾಸ್‌ನಲ್ಲಿ ಫಾಸ್ಟ್ ಬೂಟ್ ಆಫ್ ಮಾಡಿ, ಪೋಸ್ಟ್ ಡಿಲೇ ಆಯ್ಕೆ ಇದ್ದರೆ ಕೆಲವು ಸೆಕೆಂಡ್ ಹೆಚ್ಚಿಸಿ ನೋಡಿ.

ಹೊತ್ತುಗೊತ್ತಿಲ್ಲದೆ ಮಾಯವಾಗ್ತಿದ್ದರೆ ಮೊದಲ ಅನುಮಾನ ಕನೆಕ್ಷನ್ ಮೇಲೆ. ಮನೆ ಶಿಫ್ಟ್ ಮಾಡಿದ ಮೇಲೆ ಶುರುವಾಗಿದ್ದರಂತೂ ಖಂಡಿತ ಇದನ್ನೇ ಮೊದಲು ನೋಡಿ. ಸಾಟಾ ಡ್ರೈವ್ ಆದ್ರೆ ಕೇಬಲ್ ಬದಲಿಸಿ, ಬೇರೆ ಪೋರ್ಟ್‌ಗೆ ಹಾಕಿ. ಸ್ಮಾರ್ಟ್ ವರದಿಯಲ್ಲಿ ಸಿಆರ್‌ಸಿ ಎರರ್ ಸಂಖ್ಯೆ ಏರ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್‌ದು. ಬದಲಿಸಿದ ಮೇಲೆ ಆ ಸಂಖ್ಯೆ ಇಳಿಯಲ್ಲ, ಏರೋದು ನಿಲ್ಲಬೇಕು ಅಷ್ಟೇ. ಎಂ.2 ಡ್ರೈವ್ ಆದ್ರೆ ಪವರ್ ತೆಗೆದು, ಬಿಚ್ಚಿ, ಮತ್ತೆ ಸರಿಯಾಗಿ ಕೂರಿಸಿ ಸ್ಕ್ರೂ ಹಾಕಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಬಳಸಿದ್ರೆ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತೆ. ಆದ್ರೆ ಆಗ ಡ್ರೈವ್ ಯಾವತ್ತೂ ಕಾಣಲ್ಲ, ಬಂದು ಹೋಗಿ ಮಾಡಲ್ಲ.

ಮೂರನೆಯದು ಫರ್ಮ್‌ವೇರ್. ಕ್ರೂಶಿಯಲ್ ಎಂ4 ಡ್ರೈವ್ ಸುಮಾರು 5,184 ಗಂಟೆ ಓಡಿದ ಮೇಲೆ ಸ್ತಬ್ಧವಾಗ್ತಿತ್ತು. ರೀಸ್ಟಾರ್ಟ್ ಮಾಡಿದ್ರೆ ಬಂದು, ಒಂದು ಗಂಟೆಗೆ ಮತ್ತೆ ಹೋಗ್ತಿತ್ತು. 2012ರ ಜನವರಿಯ ಫರ್ಮ್‌ವೇರ್ ಅದನ್ನು ಸರಿಮಾಡಿತು. ಹಾಗಾಗಿ ತಯಾರಕರ ಸೈಟ್ ನೋಡದೆ ಡ್ರೈವ್ ಎಸೀಬೇಡಿ. ಬಿಟ್‌ಲಾಕರ್ ಇದ್ದರೆ, ಫರ್ಮ್‌ವೇರ್ ಅಥವಾ ಬಯಾಸ್ ಮುಟ್ಟೋ ಮುಂಚೆ ರಿಕವರಿ ಕೀ ಬೇರೆ ಕಡೆ ಇಟ್ಟುಕೊಳ್ಳಿ.

ಕೊನೆಗೆ, ಬೇರೆ ಕಂಪ್ಯೂಟರ್‌ಗೆ ಹಾಕಿ ನೋಡಿ. ಅಲ್ಲೂ ಮಾಯವಾದ್ರೆ ಡ್ರೈವ್‌ನದೇ ದೋಷ, ವಾರಂಟಿಗೆ ಕಳಿಸಿ. ಅಲ್ಲಿ ಸರಿಯಿದ್ದರೆ ಬೋರ್ಡ್ ಅಥವಾ ಪವರ್ ಸಪ್ಲೈ ನೋಡಿ. ಆಫೀಸ್ ಲ್ಯಾಪ್‌ಟಾಪ್ ಆದ್ರೆ ಮಾತ್ರ ಇದ್ಯಾವುದೂ ಬೇಡ, ಸ್ಕ್ರೂಡ್ರೈವರ್ ಕೆಳಗಿಟ್ಟು ಐಟಿಯವರಿಗೆ ಟಿಕೆಟ್ ಹಾಕಿ.