ಸೌದೆಯ ಲೆಕ್ಕ ಹೇಳಿದ ಸತ್ಯ

ಹೆಣ ಸುಡಲು ಸೌದೆ ಬೇಕು. ಸೌದೆಗೆ ದುಡ್ಡು ಬೇಕು. ಆ ದುಡ್ಡು ಸರ್ಕಾರದ್ದಾದರೆ ಅದಕ್ಕೊಂದು ಲೆಕ್ಕ ಇದ್ದೇ ಇರುತ್ತದೆ. ಇಷ್ಟು ಸಾಮಾನ್ಯವಾದ ಸಂಗತಿಯನ್ನು ಬೆನ್ನುಹತ್ತಿ ಪಂಜಾಬಿನ ಒಂದು ಭೀಕರ ಗುಟ್ಟನ್ನು ಬಯಲಿಗೆಳೆದವರು ಜಸ್ವಂತ್ ಸಿಂಗ್ ಖಾಲ್ರಾ.

ಖಾಲ್ರಾ ವಕೀಲರಲ್ಲ, ಅಮೃತಸರದ ಬ್ಯಾಂಕೊಂದರ ನಿರ್ದೇಶಕರು. ಅಕಾಲಿ ದಳದ ಮಾನವ ಹಕ್ಕು ಘಟಕದ ಕಾರ್ಯದರ್ಶಿ. ಉಗ್ರರ ಗುಂಡಿಗೂ ಅಮಾಯಕರು ಬಲಿಯಾಗುತ್ತಿದ್ದ ಕಾಲ ಅದು, ಅದನ್ನು ಮರೆಯುವಂತಿಲ್ಲ. ಆದರೆ ಪೊಲೀಸರು ಕರೆದೊಯ್ದ ಯುವಕರು ಮನೆಗೆ ಮರಳದಿದ್ದಾಗ ಹೆತ್ತವರು ಯಾರನ್ನು ಕೇಳಬೇಕು? ಕಾಣೆಯಾದ ಪರಿಚಿತರನ್ನು ಅರಸುತ್ತ ಹೋದ ಖಾಲ್ರಾ ಕೊನೆಗೆ ತಲುಪಿದ್ದು ಸ್ಮಶಾನಕ್ಕೆ. ಅಮೃತಸರದ ದುರ್ಗಿಯಾನಾ ಮಂದಿರದ ಬಳಿಯ ರುದ್ರಭೂಮಿ, ಪಟ್ಟಿ, ತರನ್ ತಾರನ್‌ಗಳ ದಾಖಲೆಗಳನ್ನೂ ಸೌದೆ ಖರೀದಿಯ ಲೆಕ್ಕವನ್ನೂ ಅವರು ತಾಳೆ ನೋಡಿದರು. ಪೊಲೀಸರು ತಂದ ಶವಗಳು ಅಲ್ಲಿ 'ಲಾವಾರಿಸ್' ಎಂದು ದಾಖಲಾಗಿದ್ದವು. ನಮ್ಮ 'ವಾರಸುದಾರ' ಎಂಬ ಪದದ ನಂಟೇ ಇದು: ವಾರಸುದಾರರಿಲ್ಲದವರು ಎಂದರ್ಥ. ವಾರಸುದಾರರು ಊರಲ್ಲೇ ಕಾಯುತ್ತಿದ್ದರು!

1995ರ ಜನವರಿಯಲ್ಲಿ ಅವರು ಈ ದಾಖಲೆಗಳನ್ನು ಪತ್ರಿಕೆಗಳ ಮುಂದಿಟ್ಟರು. ಕಾಣೆಯಾದವರು ವಿದೇಶಕ್ಕೆ ಹೋಗಿರಬೇಕೆಂದು ಪೊಲೀಸರು ಹೇಳಿದರು. ಹೈಕೋರ್ಟ್ ಅರ್ಜಿಯನ್ನು ತಳ್ಳಿಹಾಕಿತು. ದೂರುವುದಿದ್ದರೆ ಸತ್ತವರ ಮನೆಯವರೇ ಬರಲಿ ಎಂಬುದು ಅದರ ನಿಲುವು. ಠಾಣೆಯ ಹೆಸರು ಕೇಳಿದರೇ ನಡುಗುತ್ತಿದ್ದ ಹಳ್ಳಿಯ ಮುದುಕರು ಹೈಕೋರ್ಟಿನ ಮೆಟ್ಟಿಲು ಹತ್ತುವರೇ? ಖಾಲ್ರಾ ಕೆನಡಾಕ್ಕೆ ಹೋಗಿ ಈ ವಿಷಯ ಮಾತನಾಡಿದರು. ಅಲ್ಲೇ ಉಳಿಯಬಹುದಿತ್ತು. ಹಿಂತಿರುಗಿದರು.

1995ರ ಸೆಪ್ಟೆಂಬರ್ 6ರ ಬೆಳಿಗ್ಗೆ ಅಮೃತಸರದ ಮನೆಯ ಮುಂದೆ ಕಾರು ತೊಳೆಯುತ್ತಿದ್ದ ಅವರನ್ನು ಪೊಲೀಸರು ಎತ್ತಿಕೊಂಡು ಹೋದರು. ಪತ್ನಿ ಪರಮ್‌ಜಿತ್ ಕೌರ್ ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಅಪಹರಣವನ್ನಷ್ಟೇ ಅಲ್ಲ, ಖಾಲ್ರಾ ಹೇಳಿದ ಶವಗಳ ವಿಷಯವನ್ನೂ ತನಿಖೆ ಮಾಡುವಂತೆ ಸಿಬಿಐಗೆ ಆದೇಶಿಸಿತು. 1996ರ ಡಿಸೆಂಬರಿನಲ್ಲಿ ಬಂದ ವರದಿಯಂತೆ ಆ ಮೂರೇ ಸ್ಮಶಾನಗಳಲ್ಲಿ ಪೊಲೀಸರು ಸುಟ್ಟ ಶವಗಳು 2,097. ಪೂರ್ಣ ಗುರುತು ಸಿಕ್ಕಿದ್ದು 585, ಅರೆಬರೆ ಸಿಕ್ಕಿದ್ದು 274, ಯಾರೆಂದೇ ತಿಳಿಯದವು 1,238. ಮುಂದೆ ಪ್ರಕರಣ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಗಿ ವರ್ಷಗಟ್ಟಲೆ ಎಳೆದಾಡಿತು. ಉಳಿದ ಜಿಲ್ಲೆಗಳ ಸ್ಮಶಾನಗಳನ್ನು ಆಯೋಗ ಮುಟ್ಟಲಿಲ್ಲ.

ಖಾಲ್ರಾ ಕೊಲೆಗಾಗಿ 2005ರಲ್ಲಿ ಪಟಿಯಾಲದ ನ್ಯಾಯಾಲಯ ಆರು ಪೊಲೀಸರನ್ನು ಅಪರಾಧಿಗಳೆಂದಿತು. ಹೈಕೋರ್ಟಿನಲ್ಲಿ ಒಬ್ಬ ಬಿಡುಗಡೆಯಾದ. ಉಳಿದ ಐವರ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಖಾಯಂ ಮಾಡಿತು. ಶವವನ್ನು ಹರಿಕೆಯ ಬಳಿ ನೀರಿಗೆ ಎಸೆದರೆಂದು ಪೊಲೀಸರ ಜೊತೆಗಿದ್ದವನೊಬ್ಬ ಸಾಕ್ಷಿ ನುಡಿದಿದ್ದ. ಅದು ಮನೆಯವರಿಗೆ ಸಿಗಲಿಲ್ಲ.