‘ಅವನು ಜ್ವರ’ ಎನ್ನುತ್ತೇವೆಯೇ?

ಕಾಲೇಜು ಮೆಟ್ಟಿಲೇರಿದ ಮಕ್ಕಳ ಬಾಯಲ್ಲಿ ಈಚೆಗೆ ಒಂದು ಶಬ್ದ ಓಡಾಡುತ್ತಿದೆ. ಬೆಳಿಗ್ಗೆ ನಕ್ಕು ಮಧ್ಯಾಹ್ನ ಮುನಿಸಿಕೊಂಡ ಗೆಳೆಯನನ್ನು ಕಂಡರೆ ‘ಅವ ಬೈಪೋಲಾರ್ ಮಾರಾಯ’ ಎಂದುಬಿಡುತ್ತಾರೆ. ಈ ಶಬ್ದದ ಅರ್ಥವೇನು? ಹಾಗೆ ಬಳಸುವುದು ಸರಿಯೇ?

‘ಬೈ’ ಎಂದರೆ ಎರಡು, ‘ಪೋಲ್’ ಎಂದರೆ ಧ್ರುವ. ಕನ್ನಡದಲ್ಲಿ ದ್ವಿಧ್ರುವಿ ಮನೋರೋಗ. ಒಂದು ಧ್ರುವ ಉನ್ಮಾದ, ಇನ್ನೊಂದು ಖಿನ್ನತೆ. ಜರ್ಮನಿಯ ವೈದ್ಯ ಎಮಿಲ್ ಕ್ರೇಪೆಲಿನ್ 1899ರಲ್ಲಿ ಇವೆರಡೂ ಒಂದೇ ರೋಗದ ಮುಖಗಳೆಂದು ವಿವರಿಸಿ, ‘ಉನ್ಮಾದ-ಖಿನ್ನತೆಯ ಹುಚ್ಚು’ ಎಂಬರ್ಥದ ಹೆಸರಿಟ್ಟ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ‘ಬೈಪೋಲಾರ್’ ಎಂಬ ಹೆಸರನ್ನು ತಂದಿತು.

ಭಟ್ಕಳ, ಹೊನ್ನಾವರ, ಕುಮಟಾದ ಮಕ್ಕಳಿಗೆ ಸಮುದ್ರದ ಉಬ್ಬರ-ಇಳಿತ ಹೊಸದಲ್ಲ. ಶರಾವತಿ, ಅಘನಾಶಿನಿಯ ಅಳಿವೆಗಳಲ್ಲಿ ದಿನಕ್ಕೆರಡು ಸಲ ನೀರು ಏರಿ ಇಳಿಯುತ್ತದೆ. ನಮ್ಮೆಲ್ಲರ ಮನಸ್ಸೂ ಹಾಗೆ ಏರಿಳಿಯುತ್ತದೆ, ಅದು ರೋಗವಲ್ಲ. ಈ ಕಾಯಿಲೆಯಲ್ಲಾದರೋ ಉನ್ಮಾದ ಸಾಮಾನ್ಯವಾಗಿ ಒಂದು ವಾರಕ್ಕೂ, ಖಿನ್ನತೆ ಎರಡು ವಾರಕ್ಕೂ ಕಡಿಮೆಯಿಲ್ಲದೆ ಕಾಡುತ್ತದೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಉನ್ಮಾದದಲ್ಲಿ ಎರಡು-ಮೂರು ತಾಸು ನಿದ್ದೆ ಮಾಡಿದರೂ ದಣಿವಿಲ್ಲ, ಮಾತಿಗೆ ತಡೆಯಿಲ್ಲ, ಖರ್ಚಿಗೆ ಲೆಕ್ಕವಿಲ್ಲ. ಖಿನ್ನತೆಯಲ್ಲಿ ಊಟ, ಆಟ, ಪಾಠ ಯಾವುದೂ ಬೇಡ. ಬದುಕೇ ಬೇಡವೆನ್ನಿಸುವುದೂ ಉಂಟು. ನಡುನಡುವೆ ಮನಸ್ಸು ಸಹಜ ಸ್ಥಿತಿಗೆ ಬರುತ್ತದೆ.

ಪಾಲಕರು ಗಮನಿಸಬೇಕು: ಈ ಕಾಯಿಲೆ ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ. ಉನ್ಮಾದವನ್ನು ಸೊಕ್ಕೆಂದೂ ಖಿನ್ನತೆಯನ್ನು ಸೋಮಾರಿತನವೆಂದೂ ಗದರಿಸಿದರೆ, ಇಲ್ಲವೇ ತಾಯಿತ ಕಟ್ಟಿಸಿ ಕುಳಿತರೆ, ಚಿಕಿತ್ಸೆಯ ಕಾಲ ಜಾರಿಹೋಗುತ್ತದೆ.

ಚಿಕಿತ್ಸೆ ಖಂಡಿತ ಇದೆ. ಆವರ್ತ ಕೋಷ್ಟಕದ ಮೂರನೆಯ ಧಾತು ಲಿಥಿಯಂ ನಿಮಗೆ ಗೊತ್ತಲ್ಲವೇ? ಅದರ ಲವಣ ಉನ್ಮಾದವನ್ನು ತಗ್ಗಿಸುತ್ತದೆಂದು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ಇಂದಿಗೂ ಅದು ಮುಖ್ಯ ಔಷಧಿಗಳಲ್ಲೊಂದು. ಆಗಾಗ ರಕ್ತಪರೀಕ್ಷೆ ಬೇಕು. ಗುಣವಾಯಿತೆಂದು ತಾವೇ ಮಾತ್ರೆ ನಿಲ್ಲಿಸಬಾರದು. ಘಟ್ಟ ಹತ್ತಿದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆಯಿದೆ. ಮನೆಯಿಂದಲೇ ಕೇಳುವುದಾದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್, ದೂರವಾಣಿ 14416; ಕರೆ ಉಚಿತ.

ಕೊನೆಗೆ ಒಂದು ವ್ಯಾಕರಣದ ಮಾತು. ನಾವು ‘ಅವನು ಜ್ವರ’ ಎನ್ನುವುದಿಲ್ಲ, ‘ಅವನಿಗೆ ಜ್ವರ’ ಎನ್ನುತ್ತೇವೆ. ಕಾಯಿಲೆ ಬಂದದ್ದು ಅವನಿಗೆ, ಅವನೇ ಕಾಯಿಲೆಯಲ್ಲ. ಮನಸ್ಸಿನ ಕಾಯಿಲೆಗೂ ಇದೇ ಚತುರ್ಥಿ ವಿಭಕ್ತಿ ಸಲ್ಲಬೇಕು. ತರಗತಿಯಲ್ಲಿ ಆ ಶಬ್ದ ಬೈಗುಳವಾದರೆ, ನಿಜವಾಗಿ ಕಷ್ಟಪಡುತ್ತಿರುವ ಹುಡುಗ ಬಾಯಿ ಬಿಡುವುದಾದರೂ ಹೇಗೆ?